ತಮಗೆ ಒಪ್ಪದವನ ಪರ ನಿಂತ ಪತ್ರಕರ್ತ

ಪ್ರೀತಿಯ ಗೆಳೆಯಾ,

ಪ್ರಜಾಪ್ರಭುತ್ವವನ್ನೇ ಒಪ್ಪದವನಿಗೆ ಅದರೊಳಗೆ ಮಾತಾಡುವ ಹಕ್ಕು ಯಾಕೆ ಕೊಡಬೇಕು ಅಂತ ಕೇಳಿದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅಮೆರಿಕದ ಪತ್ರಕರ್ತ ಐ. ಎಫ್. ಸ್ಟೋನ್ ಈ ಪ್ರಶ್ನೆಯನ್ನು ಹಿಡಿದು ಒಂದಿಡೀ ಪುಸ್ತಕ ಬರೆದಿದ್ದಾರೆ. ಅವರನ್ನು ನೀನು ಓದಲೇಬೇಕು ಕಣೋ.

ಸೆನೆಟರ್ ಮೆಕಾರ್ಥಿ ಕಮ್ಯುನಿಸ್ಟರ ಬೇಟೆಗಿಳಿದಿದ್ದ 1950ರ ದಶಕದ ಶುರುವಿನಲ್ಲಿ ಎಡಪಂಥದವರು ಅನ್ನಿಸಿಕೊಂಡವರಿಗೆ ಅಲ್ಲಿ ಕೆಲಸ ಸಿಗುವುದೇ ಕಷ್ಟವಿತ್ತು. ಸ್ಟೋನ್ ಬರೆಯುತ್ತಿದ್ದ ಪತ್ರಿಕೆ 1952ರಲ್ಲಿ ಮುಚ್ಚಿತು. ಮರುವರ್ಷದ ಜನವರಿಯಲ್ಲೇ ಅವರು ವಾಷಿಂಗ್ಟನ್‌ನಲ್ಲಿ ತಮ್ಮದೇ ನಾಲ್ಕು ಪುಟದ ವಾರಪತ್ರಿಕೆ ಶುರುಮಾಡಿದರು. ಬರೆಯುವವರು ಅವರೊಬ್ಬರೇ. ಚಂದಾ, ಲೆಕ್ಕಪತ್ರವೆಲ್ಲ ಹೆಂಡತಿ ಎಸ್ತರ್ ನೋಡಿಕೊಂಡರು. 5,300 ಚಂದಾದಾರರಿಂದ ಶುರುವಾದದ್ದು 1971ರಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 70,000 ಮುಟ್ಟಿತ್ತು.

ಸ್ಟೋನ್‌ಗೆ ಕಿವಿ ಮಂದ. ಹಾಗಾಗಿ ಪತ್ರಿಕಾಗೋಷ್ಠಿಗಿಂತ ಸರ್ಕಾರವೇ ಅಚ್ಚು ಹಾಕಿಸಿದ ವರದಿಗಳನ್ನು ಜಾಸ್ತಿ ನಂಬಿದರು. 1957ರಲ್ಲಿ ನೆವಾಡಾದಲ್ಲಿ ನೆಲದೊಳಗೆ ಅಣುಬಾಂಬ್ ಪರೀಕ್ಷೆ ನಡೆಯಿತು. 200 ಮೈಲಿ ಆಚೆ ಅದು ಗೊತ್ತೇ ಆಗಲಿಲ್ಲ ಎಂದಿತು ಅಣುಶಕ್ತಿ ಆಯೋಗ. ಹಾಗಾದರೆ ಕದ್ದು ಮಾಡುವ ಪರೀಕ್ಷೆ ಹಿಡಿಯುವುದು ಹೇಗೆ, ಅಣುಪರೀಕ್ಷೆ ನಿಷೇಧದ ಒಪ್ಪಂದ ಯಾಕೆ ಬೇಕು ಅನ್ನುವವರಿಗೆ ಇದು ಬಲ ಕೊಡುವ ಮಾತು. ಸ್ಟೋನ್ ಭೂಕಂಪ ದಾಖಲಿಸುವ ಸರ್ಕಾರಿ ಕಚೇರಿಯಲ್ಲೇ ವಿಚಾರಿಸಿದರು. 2,000 ಮೈಲಿಗೂ ದೂರದ ಅಲಾಸ್ಕಾದಲ್ಲೂ ಅದು ದಾಖಲಾಗಿತ್ತು! ಆಯೋಗ ತನ್ನ ಹೇಳಿಕೆ ತಿದ್ದಿಕೊಳ್ಳಬೇಕಾಯಿತು. ಇಂಥ ಬರಹಗಳೇ ‘ದಿ ಹಾಂಟೆಡ್ ಫಿಫ್ಟೀಸ್’, ‘ಇನ್ ಎ ಟೈಮ್ ಆಫ್ ಟಾರ್ಮೆಂಟ್’ ಎಂಬ ಸಂಕಲನಗಳಾದವು.

ಎಲ್ಲದರಲ್ಲೂ ಅವರದೇ ಸರಿ ಅಂತ ನಾನು ಹೇಳುವುದಿಲ್ಲ. ಕೊರಿಯಾ ಯುದ್ಧದ ಕುರಿತ 1952ರ ಪುಸ್ತಕದಲ್ಲಿ ಯುದ್ಧ ಶುರುಮಾಡಿದ್ದು ಯಾರು ಅನ್ನುವಲ್ಲಿ ಅವರ ಅನುಮಾನವೆಲ್ಲ ದಕ್ಷಿಣ ಕೊರಿಯಾದವರ ಮೇಲೆ, ಅಮೆರಿಕದ ಮೇಲೆ. ಉತ್ತರ ಕೊರಿಯಾ ಸ್ಟಾಲಿನ್ ಒಪ್ಪಿಗೆ ಪಡೆದೇ ದಾಳಿ ಮಾಡಿತ್ತು ಅನ್ನುವುದು ಸೋವಿಯತ್ ದಾಖಲೆಗಳು ಹೊರಬಂದಾಗ ಖಚಿತವಾಯಿತು. ಆದರೆ ಇದೇ ಮನುಷ್ಯ 1956ರಲ್ಲಿ ಮಾಸ್ಕೋಗೆ ಹೋಗಿ ಬಂದು, ಅದು ಒಳ್ಳೆಯ ಸಮಾಜವಲ್ಲ ಅಂತ ಖಡಾಖಂಡಿತವಾಗಿ ಬರೆದರು. ನೂರಾರು ಚಂದಾದಾರರು ಬಿಟ್ಟು ಹೋದರು. ತನ್ನ ಓದುಗರಿಗೇ ಬೇಡವಾದದ್ದನ್ನು ಬರೆಯಲು ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ?

ಹೃದಯದ ತೊಂದರೆಯಿಂದ ಪತ್ರಿಕೆ ನಿಲ್ಲಿಸಿದ ಮೇಲೆ ವಿಚಾರ ಸ್ವಾತಂತ್ರ್ಯದ ಚರಿತ್ರೆ ಬರೆಯಲು ಹೊರಟರು. ಹುಡುಕುತ್ತಾ ಹುಡುಕುತ್ತಾ ಪ್ರಾಚೀನ ಗ್ರೀಸಿನ ಅಥೆನ್ಸ್‌ಗೆ, ಅಲ್ಲಿ ಮರಣದಂಡನೆಗೆ ಗುರಿಯಾದ ತತ್ವಜ್ಞಾನಿ ಸಾಕ್ರಟಿಸ್‌ನ ಕಥೆಗೆ ಬಂದು ಮುಟ್ಟಿದರು. ಅನುವಾದ ನಂಬಿ ಕೂರುವ ಜಾಯಮಾನ ಅವರದಲ್ಲ. ಆ ವಯಸ್ಸಿನಲ್ಲಿ ಹಳೆಯ ಗ್ರೀಕ್ ಕಲಿತರು! ಕೊನೆಗೆ ಬಂದದ್ದು ‘ದಿ ಟ್ರಯಲ್ ಆಫ್ ಸಾಕ್ರಟಿಸ್’, 1988ರಲ್ಲಿ. ಮರುವರ್ಷ ತೀರಿಕೊಂಡರು.

ಮಾತಿನ ಸ್ವಾತಂತ್ರ್ಯಕ್ಕೆ ಹೆಸರಾದ ಊರು ಎಪ್ಪತ್ತರ ಮುದುಕನನ್ನು ಮಾತಿಗಾಗಿ ಯಾಕೆ ಕೊಂದಿತು? ಸ್ಟೋನ್ ವರದಿಗಾರನಂತೆ ಹಿನ್ನೆಲೆ ಕೆದಕುತ್ತಾರೆ. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಯುದ್ಧದಲ್ಲಿ ಸೋಲಿಸಿದ್ದ ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಜನ ಅಧಿಕಾರ ಹಿಡಿದು, ಸುಮಾರು 1,500 ಜನರನ್ನು ಕೊಲ್ಲಿಸಿದರು. ಅವರ ಮುಂದಾಳು ಕ್ರಿಟಿಯಾಸ್ ಒಂದು ಕಾಲಕ್ಕೆ ಸಾಕ್ರಟಿಸ್‌ನ ಒಡನಾಡಿ. ಪ್ರಜಾಪ್ರಭುತ್ವದ ಕಡೆಯವರು ಎಷ್ಟೋ ಜನ ಊರು ಬಿಟ್ಟರು. ಸಾಕ್ರಟಿಸ್ ಅಲ್ಲೇ ಉಳಿದ. ಕ್ರಿ.ಪೂ. 399ರಲ್ಲಿ ವಿಚಾರಣೆಗೆ ಕೂತವರ ಮನಸ್ಸಿನಲ್ಲಿ ಆ ಗಾಯ ಇನ್ನೂ ಹಸಿಯಾಗಿತ್ತು.

ಜನರ ಆಳ್ವಿಕೆಯನ್ನು ಹೀಗಳೆಯುತ್ತಿದ್ದ ಸಾಕ್ರಟಿಸ್‌ನ ವಿಚಾರ ಸ್ಟೋನ್‌ಗೆ ಒಪ್ಪಿಗೆಯಿಲ್ಲ. ಪುಟಪುಟದಲ್ಲೂ ಜಗಳವಾಡುತ್ತಾರೆ. ಆದರೂ ಅವನ ಪರವಾಗಿ ತಾವೇ ಒಂದು ವಾದ ಕಟ್ಟಿಕೊಡುತ್ತಾರೆ: ನಿಮ್ಮ ಮಾತಿನ ಸ್ವಾತಂತ್ರ್ಯದಲ್ಲಿ ನನಗೆ ನಂಬಿಕೆಯಿಲ್ಲದಿದ್ದರೂ ನಿಮಗೆ ಇದೆಯಲ್ಲ, ನನ್ನನ್ನು ಕೊಂದರೆ ನಿಮ್ಮ ನಂಬಿಕೆಗೆ ನೀವೇ ದ್ರೋಹ ಮಾಡಿದ ಹಾಗೆ. ಹೀಗೆ ಹೇಳಿದ್ದರೆ ಅವನು ಬಿಡುಗಡೆಯಾಗುತ್ತಿದ್ದ ಅನ್ನುತ್ತಾರೆ. ನಿನ್ನ ಪ್ರಶ್ನೆಗೆ ನಾನು ಓದಿದ ಅತ್ಯಂತ ಪ್ರಾಮಾಣಿಕ ಉತ್ತರ ಇದು. ಹಕ್ಕು ಅವನ ಯೋಗ್ಯತೆ ನೋಡಿ ಕೊಡುವ ಬಹುಮಾನ ಅಲ್ಲ. ಅದು ಊರು ತನಗೆ ತಾನೇ ಕೊಟ್ಟುಕೊಂಡ ಮಾತು.

ಒಂದು ಕಡೆ ಮಾತ್ರ ಸ್ಟೋನ್ ತುಂಬಾ ಕಟುವಾದರು ಅನ್ನಿಸುತ್ತದೆ. ಸಲಾಮಿಸ್‌ನ ಲಿಯೋನ್ ಎಂಬವನನ್ನು ಕೊಲ್ಲಿಸಲೆಂದು ಹಿಡಿದು ತರಲು ಆ ಮೂವತ್ತು ಜನ ಸಾಕ್ರಟಿಸ್‌ಗೆ ಆಜ್ಞೆ ಮಾಡಿದಾಗ, ಅವನು ಹೋಗಲಿಲ್ಲ, ಸುಮ್ನೆ ಮನೆಗೆ ನಡೆದ. ಅಷ್ಟು ಸಾಲದು ಅನ್ನುತ್ತಾರೆ ಸ್ಟೋನ್. ಕೊಲೆಗಡುಕರ ಆಜ್ಞೆ ಮೀರುವುದು ಸಣ್ಣ ಮಾತಾ? ನನಗೆ ಹಾಗನ್ನಿಸುವುದಿಲ್ಲ.

ನನ್ನ ಪ್ರತಿ ಈ ವಾರ ಅಂಚೆಗೆ ಹಾಕುತ್ತೇನೆ. ಸಾಕ್ರಟಿಸ್ ವಿಚಾರಣೆಯಲ್ಲಿ ತನ್ನ ಪರವಾಗಿ ಆಡಿದ ಮಾತುಗಳೆಂದು ಅವನ ಶಿಷ್ಯ ಪ್ಲೇಟೊ ಬರೆದ ‘ಅಪಾಲಜಿ’ಯನ್ನು ಮೊದಲು ಓದು, ಆಮೇಲೆ ಇದನ್ನು. ಲಿಯೋನ್ ವಿಷಯದಲ್ಲಿ ನೀನು ಯಾರ ಕಡೆ ಅಂತ ಬರಿ.

ಇಂತಿ ನಿನ್ನ ಗೆಳೆಯ