ರೇಟಿಂಗ್ ಕೇಳಿ ಜಾಹೀರಾತು ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಸ್ಥಳೀಯ ವಾಹಿನಿಗಳಲ್ಲಿ 10 ಸೆಕೆಂಡುಗಳ ಜಾಹೀರಾತಿಗಾಗಿ ಸಣ್ಣ ವ್ಯಾಪಾರಿಗಳು ಹಣ ತೊಡಗಿಸುವುದು ಬಹುಮಟ್ಟಿಗೆ ‘ಈ ಕಾರ್ಯಕ್ರಮಕ್ಕೆ ಒಳ್ಳೆಯ ರೇಟಿಂಗ್ ಇದೆ’ ಎಂಬ ಮಾತನ್ನು ನಂಬಿಯೇ. ಆ ರೇಟಿಂಗ್ ಯಾವ ಪ್ರದೇಶದ್ದು, ಎಷ್ಟು ಮನೆಗಳಿಂದ ಬಂದದ್ದು ಎಂದು ವಿಚಾರಿಸುವವರು ವಿರಳ. ದೇಶವಿಡೀ ಮಾರಾಟವಾಗುವ ಸೋಪಿನ ಕಂಪನಿಗೆ ಯಾರು ನೋಡಿದರೂ ಲಾಭವೇ. ಗಿರಾಕಿಗಳೆಲ್ಲ ಐದಾರು ಕಿಲೋಮೀಟರ್ ಒಳಗಿನವರೇ ಆಗಿರುವ ರಿಪೇರಿ ಅಂಗಡಿಯವರಿಗಾದರೋ ಅದರಾಚೆಯ ವೀಕ್ಷಕರೆಲ್ಲ ದಂಡದ ಖರ್ಚು.

ರೇಟಿಂಗ್ ಮತ್ತು ಶೇರ್ ಎಂಬೆರಡು ಮಾತುಗಳ ನಡುವಣ ಗೊಂದಲವೂ ಕಡಿಮೆಯದಲ್ಲ. ಟಿವಿ ಇರುವ ಎಲ್ಲ ಮನೆಗಳ ಪೈಕಿ ಶೇಕಡಾ ಎಷ್ಟು ಮನೆಗಳು ಕಾರ್ಯಕ್ರಮ ನೋಡಿದವೆಂಬುದು ರೇಟಿಂಗ್; ಆ ಹೊತ್ತಿನಲ್ಲಿ ಟಿವಿ ನಡೆಯುತ್ತಿರುವ ಮನೆಗಳ ಪೈಕಿ ಶೇಕಡಾ ಎಷ್ಟೆಂಬುದು ಶೇರ್. ನಡುರಾತ್ರಿ ನೂರು ಮನೆಗಳ ಪೈಕಿ ಐದರಲ್ಲಿ ಮಾತ್ರ ಟಿವಿ ನಡೆಯುತ್ತಿದ್ದು, ಅವುಗಳಲ್ಲಿ ಎರಡು ಮನೆಯವರು ಒಂದು ಕಾರ್ಯಕ್ರಮ ನೋಡುತ್ತಿದ್ದರೆ ಅದರ ಶೇರ್ 40, ರೇಟಿಂಗ್ ಮಾತ್ರ 2. ಜಾಹೀರಾತಿನ ಸಮಯ ಮಾರಲು ಬಂದವರು ಯಾವ ಅಂಕಿಯನ್ನು ಮೊದಲು ಹೇಳುತ್ತಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ 2ರ ಮಾತು. ವೀಕ್ಷಣೆಯನ್ನು ಅಳೆಯುವುದು ಆಯ್ದ ಕೆಲವು ಮಾದರಿ ಮನೆಗಳಲ್ಲಿ ಮಾತ್ರ. ಪ್ರದೇಶ ಕಿರಿದಾದಷ್ಟೂ ಅಲ್ಲಿ ಸಿಗುವ ಮನೆಗಳ ಸಂಖ್ಯೆಯೂ ಕುಗ್ಗುತ್ತದೆ. 400 ಮನೆಗಳ ಮಾದರಿಯಲ್ಲಿ ರೇಟಿಂಗ್ 2 ಬಂದಿದೆಯೆಂದರೆ ಎಂಟು ಮನೆಗಳು ನೋಡಿವೆ ಎಂದಷ್ಟೇ ಅರ್ಥ. ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕದ ಪ್ರಕಾರ ನಿಜವಾದ ಅಂಕಿ ಹೆಚ್ಚುಕಡಿಮೆ 0.6ರಿಂದ 3.4ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹೀಗಿರುವಾಗ ಹೋದ ವಾರಕ್ಕಿಂತ ಅರ್ಧ ಅಂಕ ಏರಿತೆಂದು ದರ ಏರಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಧಾರಾವಾಹಿಯೊಂದನ್ನು ದಿನವೂ ಅದೇ ಮನೆಯವರು ನೋಡುತ್ತಾರಾದ್ದರಿಂದ ಅಲ್ಲಿ ಐದು ದಿನ ಹಾಕಿದ ಜಾಹೀರಾತು ಬಹುಪಾಲು ಅವರಿಗೇ ಐದು ಸಲ ಕಾಣುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಹಂಚಿ ಹಾಕಿದರೆ ಹೆಚ್ಚು ಮನೆಗಳಿಗೆ ಒಂದೊಂದು ಸಲವಾದರೂ ತಲುಪುತ್ತದೆ. ಹೊಸದಾಗಿ ಬಾಗಿಲು ತೆರೆದವರಿಗೆ ಎರಡನೆಯದೇ ಮೇಲೆಂದು ನನ್ನ ಎಣಿಕೆ. ವಿರಾಮ ಬಂದೊಡನೆ ಕೈ ಮೊಬೈಲಿನತ್ತ ಹೋಗುವ ಅಭ್ಯಾಸವಂತೂ ಈ ಯಾವ ಲೆಕ್ಕಕ್ಕೂ ಸರಿಯಾಗಿ ಸಿಗುವುದಿಲ್ಲ.

ದರಪಟ್ಟಿಯ ಜೊತೆಗೆ ಮಾದರಿ ಮನೆಗಳ ಸಂಖ್ಯೆಯನ್ನೂ ಅವು ಇರುವ ಪ್ರದೇಶವನ್ನೂ ವಾಹಿನಿಗಳು ಲಿಖಿತವಾಗಿ ಕೊಡಬೇಕು. ಅಲ್ಲಿಯವರೆಗೆ ಬಂದ ಗಿರಾಕಿಗಳನ್ನೇ ‘ಸಂಜೆ ಎಷ್ಟು ಹೊತ್ತಿಗೆ ಟಿವಿ ಹಾಕುತ್ತೀರಿ, ಏನು ನೋಡುತ್ತೀರಿ’ ಎಂದು ಕೇಳಿ, ತಿಂಗಳೊಂದರ ಕಾಲ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ವ್ಯಾಪಾರಿಗಳಿಗೆ ಸಾಧ್ಯವಿದೆ.

ಇತಿ,
ತಮ್ಮ ಓದುಗ