ಹಾಲ್ ಟಿಕೆಟ್ ಅನ್ನೋ ಗೆಳೆಯನಿಗೊಂದು ಪತ್ರ, ಗಾಲ್ಫ್ ಗ್ರೀನಿನ ಅಂಚಿನಿಂದ

ಪ್ರೀತಿಯ ಹಾಲ್ ಟಿಕೆಟ್,

ಇದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ನೀನು ಓದುವುದಿಲ್ಲ. ಒಂದು ಹೆಬ್ಬೆಟ್ಟು ಒತ್ತಿ ಮಲಗುತ್ತೀಯ. ಅದಕ್ಕೇ ಎಲ್ಲರ ಎದುರಿಗೇ ಹಾಕುತ್ತಿದ್ದೇನೆ. ನಾಲ್ಕು ಜನ ನಿನ್ನನ್ನು ಟ್ಯಾಗ್ ಮಾಡಿದರೆ ಆಗಲಾದರೂ ಕಣ್ಣು ಹಾಯಿಸುತ್ತೀಯ. ಹಸಿರು ಸ್ವೆಟರ್ ವಿಷಯ ಎತ್ತುವುದಿಲ್ಲ, ಹೆದರಬೇಡ.

ಹೋದ ಸಲ ನಾನು ಮಂಡ್ಯಕ್ಕೆ ಬಂದಾಗ, "ಏನ್ಲಾ, ನಿನ್ ಗೋಲಿಯಾಟ ಎಲ್ಲಿಗ್ ಬಂತು?" ಅಂತ ನನ್ನ ಗಾಲ್ಫ್ ಬಗ್ಗೆ ಅಷ್ಟು ಜನರ ಮುಂದೆ ಕೇಳಿದೆಯಲ್ಲ, ಉತ್ತರ ಈಗ ಕೊಡುತ್ತೇನೆ. ಗೋಲಿ ಗುಂಡಿಯ ಹತ್ತಿರದವರೆಗೂ ಬಂದಿದೆ ಗುರು. ಅಲ್ಲೇ ನಿಂತಿದೆ.

ದೂರದ ಹೊಡೆತಕ್ಕೆ ನನಗೆ ಅಷ್ಟೇನೂ ಭಯವಿಲ್ಲ. ಎದುರಿಗೆ ಚಾಮುಂಡಿ ಬೆಟ್ಟ, ಪಕ್ಕದಲ್ಲಿ ರೇಸ್ ಕೋರ್ಸು, ಬೆಳಗಿನ ತಣ್ಣನೆ ಗಾಳಿ. 1906ರಿಂದ ಮೈಸೂರಿನ ಈ ಗಾಲ್ಫ್ ಮೈದಾನದಲ್ಲಿ ಜನ ಚೆಂಡು ಕಳೆದುಕೊಳ್ಳುತ್ತಿದ್ದಾರೆ, ನಂದೂ ಒಂದು ಹೋದರೆ ಯಾರು ಕೇಳುತ್ತಾರೆ? ನನಗೆ ಗ್ರಹಚಾರ ಕಾಯುವುದು ಗ್ರೀನಿನ, ಅಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ, ಅಂಚಿನಲ್ಲಿ. ಬಾವುಟ ಕಣ್ಣೆದುರಿಗಿದೆ. ಗುಂಡಿಗೆ ಹದಿನೈದು ಹೆಜ್ಜೆಯೂ ಇಲ್ಲ. ಚಿಕ್ಕ ಮಗುವಿನ ಕೈಗೆ ಚೆಂಡು ಕೊಟ್ಟರೆ ಎಸೆದು ಹತ್ತಿರ ಹಾಕುತ್ತದೆ. ಅಲ್ಲಿ ನನ್ನ ಕೈಯಲ್ಲಿ ಆಗುತ್ತಿದ್ದದ್ದು ಎರಡೇ. ಒಂದು, ವೆಜ್ (ಚೆಂಡು ಎತ್ತಿ ಹಾಕುವ, ಓರೆ ಮುಖದ ಕೋಲು) ಚೆಂಡಿಗಿಂತ ಮೊದಲೇ ನೆಲಕ್ಕೆ ಹೂತುಕೊಳ್ಳುತ್ತದೆ. ಅಂಗೈಯಗಲದ ಹುಲ್ಲು ಮಣ್ಣು ಸಮೇತ ಎದ್ದು ಮುಂದೆ ಹೋಗಿ ಬೀಳುತ್ತದೆ, ಚೆಂಡು ಅದರ ಹಿಂದೆ ಗೇಣುದ್ದ ಉರುಳಿ ಸುಮ್ಮನಾಗುತ್ತದೆ. ಇನ್ನೊಂದು, ವೆಜ್‌ನ ಅಂಚು ಚೆಂಡಿನ ಹೊಟ್ಟೆಗೇ ಬಡಿದು, ಅದು ಗ್ರೀನನ್ನು ಅಡ್ಡಡ್ಡ ಸೀಳಿಕೊಂಡು ಆಚೆಗಿನ ಬಂಕರಿನ ಮರಳಿಗೆ ಇಳಿಯುತ್ತದೆ. ಆಮೇಲೆ ನಾನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ.

ಇವೆರಡೂ ಬೇರೆ ಬೇರೆ ಕಾಯಿಲೆ ಅಂದುಕೊಂಡಿದ್ದೆ. ಒಂದೇ ಅಂತ ಹೇಳಿದ್ದು ಕೋಲುಗಳ ಬ್ಯಾಗ್ ಹೊರುವ ನಮ್ಮ ಕ್ಯಾಡಿಯಣ್ಣ. "ಸಾರ್, ನೀವು ಬಾಲ್ ಎತ್ತೋಕ್ ಹೋಯ್ತೀರ. ಎತ್ತೋ ಕೆಲ್ಸ ಕ್ಲಬ್ಬಿಂದು, ನಿಮ್ದಲ್ಲ." ನನ್ನ ಕೈಲಿದ್ದ ಸ್ಯಾಂಡ್ ವೆಜ್‌ನ ಮುಖ 56 ಡಿಗ್ರಿ ಆಸುಪಾಸು ಹಿಂದಕ್ಕೆ ಮಲಗಿಯೇ ಇರುತ್ತದೆ. ಅದು ಸಾಲದು ಅಂತ ನಾವು ಕೆಳಗಿನಿಂದ ಮೇಲಕ್ಕೆ ಗೋರಲು ಹೋಗುತ್ತೇವೆ. ಆಗ ಮೈಭಾರ ಬಲಗಾಲಿಗೆ ಹೋಗುತ್ತದೆ, ಮಣಿಕಟ್ಟು ಮಡಚಿಕೊಳ್ಳುತ್ತದೆ, ವೆಜ್ ನೆಲ ಮುಟ್ಟುವ ಜಾಗ ಚೆಂಡಿನ ಹಿಂದಕ್ಕೆ ಸರಿಯುತ್ತದೆ. ನೆಲಕ್ಕೆ ತಗುಲಿದರೆ ಹುಲ್ಲು ಏಳುತ್ತದೆ. ತಗುಲದೆ ಮೇಲೇಳುತ್ತಾ ಬಂದರೆ ಚೆಂಡಿನ ಹೊಟ್ಟೆಗೆ ಏಟು.

ಅವರು ಹೆಗಲ ಮೇಲಿದ್ದ ಟವೆಲ್ ಮಡಚಿ ಚೆಂಡಿನ ಹಿಂದೆ ಗೇಣು ದೂರದಲ್ಲಿ ಹಾಸಿದರು. ಟವೆಲ್ ಮುಟ್ಟದೆ ಚೆಂಡು ಹೊಡೀಬೇಕು, ಅಷ್ಟೇ. ಕಾಲು ಹತ್ತಿರ ಹತ್ತಿರ. ಭಾರ ಎಡಗಾಲ ಮೇಲೆ, ಹೊಡೆದು ಮುಗಿಯುವವರೆಗೂ ಅಲ್ಲೇ. ಹಿಡಿ ಸ್ವಲ್ಪ ಕೆಳಗೆ, ಕೈ ಚೆಂಡಿಗಿಂತ ಒಂಚೂರು ಮುಂದೆ. ಬೀಸುವುದು ಭುಜ, ಮಣಿಕಟ್ಟಲ್ಲ. ಮೊದಮೊದಲು ಟವೆಲ್ಲೇ ಗ್ರೀನ್ ಮೇಲೆ ಹೋಗಿ ಕೂರುತ್ತಿತ್ತು. ಆಮೇಲೆ ಬಂತು ನೋಡು, ಆ ಸಣ್ಣ ಟಿಕ್ ಸದ್ದು.

ಸ್ಯಾಂಡ್ ವೆಜ್ ಬ್ಯಾಗಿಗೆ ಹಾಕಿಸಿ, ಮುಖ ಅಷ್ಟು ಮಲಗದ ಪಿಚಿಂಗ್ ವೆಜ್ ಕೊಟ್ಟರು. ಅದರಲ್ಲಿ ಚೆಂಡು ಅಂದಾಜು ಒಂದು ಪಾಲು ಗಾಳಿಯಲ್ಲಿ, ಎರಡು ಪಾಲು ನೆಲದ ಮೇಲೆ. ಆದ್ದರಿಂದ ಬಾವುಟ ನೋಡುವ ಹಾಗಿಲ್ಲ. ಚೆಂಡು ಎಲ್ಲಿ ಬೀಳಬೇಕೋ ಆ ಜಾಗ ನೋಡಬೇಕು, ಮಿಕ್ಕಿದ್ದನ್ನು ಇಳಿಜಾರಿಗೆ ಬಿಡಬೇಕು. ಅಂಚಿನ ಹುಲ್ಲು ಗಿಡ್ಡವಾಗಿದ್ದರೆ ಪಟರ್ ತಗೊಂಡು ಉರುಳಿಸಿಬಿಡಿ ಅಂದರು. ಅಷ್ಟೆಲ್ಲ ದುಡ್ಡು ಕೊಟ್ಟು ವೆಜ್ ಕೊಂಡವನು ಹಾಗೆ ಮಾಡುತ್ತಾನಾ?

ಒಬ್ಬನೇ ಇದ್ದಾಗ ಈಗ ಚೆನ್ನಾಗಿ ಬೀಳುತ್ತದೆ, ದೇವರಾಣೆ. ನಾಲ್ವರು ಸೇರಿ ಆಡುವಾಗ ಮಾತ್ರ ಕೈ ಹಿಂದಕ್ಕೆ ಸಲೀಸಾಗಿ ಹೋಗಿ, ಚೆಂಡಿನ ಹತ್ತಿರ ಬಂದು ಬ್ರೇಕ್ ಹಾಕುತ್ತದೆ. ಕೈ ನಿಧಾನವಾದರೆ ಟವೆಲ್ ಪಾಠವೆಲ್ಲ ನೀರುಪಾಲು.

ಇದಕ್ಕೆ ಮದ್ದು ಹುಡುಕುತ್ತಾ ರಾತ್ರಿ ಫೋನಿನಲ್ಲಿ ದೊಡ್ಡ ದೊಡ್ಡ ಆಟಗಾರರು ಚಿಪ್, ಅಂದರೆ ಈ ಗ್ರೀನಂಚಿನ ಪುಟ್ಟ ಹೊಡೆತ, ಕೆಡಿಸಿದ ವಿಡಿಯೋ ನೋಡಲು ಶುರು ಮಾಡಿದೆ. 2015ರ ಆರಂಭದಲ್ಲಿ ಟೈಗರ್ ವುಡ್ಸನೇ ಫೀನಿಕ್ಸ್‌ನಲ್ಲಿ ನನ್ನ ಹಾಗೇ ಹುಲ್ಲು ಕೀಳುತ್ತಿದ್ದ, ಒಂದು ಸುತ್ತಿಗೆ 82 ಹೊಡೆತ ತಗೊಂಡ (ಗಾಲ್ಫಿನಲ್ಲಿ ಹೊಡೆತ ಕಮ್ಮಿಯಾದಷ್ಟೂ ಒಳ್ಳೇದು). ಅದಕ್ಕಿಂತ ಜೋರು, 1985ರ ಯುಎಸ್ ಓಪನ್. ತೈವಾನಿನ ಟಿ. ಸಿ. ಚೆನ್, ಕೊನೆಯ ದಿನ ನಾಲ್ಕು ಹೊಡೆತ ಮುಂದಿದ್ದ. ಐದನೇ ಹೋಲ್‌ನಲ್ಲಿ ದಟ್ಟ ಹುಲ್ಲಿನಿಂದ ಚಿಪ್ ಮಾಡಿದ. ಚೆಂಡು ಮೇಲೇಳುವಾಗ ವೆಜ್ ಅದಕ್ಕೆ ಮತ್ತೊಂದು ಸಲ ತಗುಲಿತು. ದಂಡವೂ ಸೇರಿ ಆ ಹೋಲ್‌ಗೆ 8 ಹೊಡೆತ. ಕೊನೆಗೆ ಒಂದೇ ಹೊಡೆತದಲ್ಲಿ ಸೋತ. ಈಗಾಗಿದ್ದರೆ ದಂಡ ಇರುತ್ತಿರಲಿಲ್ಲ, 2019ರಲ್ಲಿ ನಿಯಮ ಬದಲಾಯಿತು. ಪಾಪ, ಅವನಿಗೆ 'ಟೂ ಚಿಪ್ ಚೆನ್' ಅನ್ನೋ ಹೆಸರೇ ಉಳಿಯಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎಷ್ಟು ಸಮಾಧಾನ ಆಯಿತು ಗೊತ್ತಾ?

ಸಮಾಧಾನ ಅಂತ ಬರೆದೆ. ಖುಷಿ ಆಯಿತು ಕಣೋ.

ಆ ಖುಷಿ ನನಗೆ ಹಳೆಯ ಪರಿಚಯ. ಭಾನುವಾರ ಜೊತೆಗೆ ಆಡುವವರು ಚಿಪ್ ಕೆಡಿಸಿದಾಗ ಎಲ್ಲರಿಗಿಂತ ಮೊದಲು "ಛೆ, ಬ್ಯಾಡ್ ಲಕ್" ಅನ್ನುವವನು ನಾನೇ. ಮುಖ ಪೂರ್ತಿ ಮರುಕ, ಒಳಗೆ ಪಾಯಸ. ನನ್ನ ಸರದಿ ಬಂದಾಗ ಆ ಮೂವರೂ ಸುಮ್ಮನೆ ನಿಂತಿರುತ್ತಾರಲ್ಲ, ಅವರೂ ಪಾಯಸಕ್ಕೇ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೇನು ಗೊತ್ತು. ನನ್ನ ಮನಸ್ಸಿನಲ್ಲಿರುವುದು ಗೊತ್ತು. ಕೈ ಬ್ರೇಕ್ ಹಾಕುವುದು ಅದಕ್ಕೇ.

ಗಾಲ್ಫ್ ಒಂದರಲ್ಲೇ ಆಗಿದ್ದರೆ ಬಿಡು. ನೀನು ಬ್ಯಾಂಕಿನ ಕೆಲಸ ಬಿಟ್ಟು ಊರಿಗೆ ಹೋಗಿ ಆಲೆಮನೆ ಶುರು ಮಾಡಿದಾಗ ಊರೆಲ್ಲ ನಿನ್ನ ಸುದ್ದಿ. ನನ್ನ ಹೆಂಡತಿಯೂ, "ನೋಡಿ, ಧೈರ್ಯ ಅಂದ್ರೆ ಅದು" ಅಂದಳು. ಆಮೇಲೆ ಆಲೆಮನೆ ಮುಚ್ಚಿದೆ ಅಂತ ನೀನು ಫೋನ್ ಮಾಡಿದೆ. ನಾನು "ಅಯ್ಯೋ" ಅಂದೆ. ಗಂಟಲು ಕಟ್ಟಿದ ಹಾಗೆ ಅಂದೆ. ಫೋನ್ ಇಟ್ಟು ಊಟಕ್ಕೆ ಕೂತು, ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡೆ. ಮಾರನೇ ದಿನವೇ ಓಡಿ ಬಂದು ಕೊಪ್ಪರಿಗೆ ಮಾರಿಸಿಕೊಟ್ಟೆ, ನಿಜ. "ನೀನೊಬ್ಬ ಇದ್ದೀಯಲ್ಲ ಸಾಕು" ಅಂತ ನೀನು ಹೆಗಲ ಮೇಲೆ ಕೈ ಹಾಕಿದೆ. ಆ ಕೈ ಇನ್ನೂ ಭಾರವಿದೆ ಕಣೋ.

ನಾನು ಟವೆಲ್ ಬಗ್ಗೆ ಬರೆಯಲು ಕೂತವನು. ಇದೆಲ್ಲ ಎಲ್ಲಿಂದ ಬಂತೋ! ಅಳಿಸೋಣ ಅಂದರೆ ಹೆಂಡತಿ ಆಗಲೇ ಹಿಂದೆ ನಿಂತು ಓದಿಬಿಟ್ಟಿದ್ದಾಳೆ, "ಮುದ್ದೆ ಹಾಕಿದ್ದು ನಾನೇ, ನನ್ನ ಹೆಸರೂ ಹಾಕಿ" ಅನ್ನುತ್ತಿದ್ದಾಳೆ. ಭಾನುವಾರದ ಗೆಳೆಯರೂ ಇದನ್ನು ಓದುತ್ತಾರೆ. ಸ್ವಾಮಿ, ಮೇಲಿನ ಪಾಯಸದ ಮಾತು ನಿಮ್ಮ ಬಗ್ಗೆ ಅಲ್ಲ, ಬೇರೆ ಭಾನುವಾರದವರ ಬಗ್ಗೆ.

ನೀನು ಬೈಯುವುದಿದ್ದರೆ ಇಲ್ಲಿ ಬೇಡ, ಬಂದು ಬೈಯಿ. ನಮ್ಮ ಕ್ಯಾಡಿಯಣ್ಣನಿಗೆ ನಿನ್ನ ವಿಷಯ ಹೇಳಿದ್ದೇನೆ, ಟವೆಲ್ ಒಗೆದು ಇಟ್ಟಿದ್ದಾರೆ. ನಿನ್ನ ಮೊದಲ ಚಿಪ್ ವಿಡಿಯೋ ಮಾಡುವವನು ನಾನೇ. ಮನೆಯಲ್ಲಿ ಅಚ್ಚು ಬೆಲ್ಲ ಉಳಿದಿದ್ದರೆ ಎರಡು ತಾ. ದುಡ್ಡು ಕೇಳಬೇಡ, ವಡೆ ಬಾಕಿಗೆ ವಜಾ ಹಾಕಿಕೋ.

ನಿನ್ನ,
ಲಾಸ್ಟ್ ಬೆಂಚ್ ವಕೀಲ