ಫ್ಯೂಷನ್ ಬರಹಗಳಲ್ಲಿ ಘಟದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಭಾರತೀಯ ಮತ್ತು ಪಾಶ್ಚಾತ್ಯ ಸಂಗೀತಗಳನ್ನು ಬೆಸೆದ ಫ್ಯೂಷನ್ ತಂಡ ‘ಶಕ್ತಿ’ಯ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಮತ್ತು ತಬಲಾ ವಾದಕ ಉಸ್ತಾದ್ ಜಾಕಿರ್ ಹುಸೇನ್ ಅವರ ಸ್ನೇಹವನ್ನು ಲೇಖಕರು ಸೊಗಸಾಗಿಯೇ ವಿವರಿಸಿದ್ದಾರೆ. ಆದರೆ ತಂಡದಲ್ಲಿ ನುಡಿಸಿದ ಉಳಿದವರು ಆ ಲೇಖನದಲ್ಲಿ ‘ಇತರ ಕಲಾವಿದರು’ ಎಂಬಲ್ಲಿಗೆ ಮುಗಿದುಹೋಗಿದ್ದಾರೆ. ಇದು ಒಂದು ಲೇಖನದ ಲೋಪವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಭಾರತೀಯ ಮತ್ತು ಪಾಶ್ಚಾತ್ಯ ಸಂಗೀತಗಳ ಬೆಸುಗೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ. ಬಿತ್ತಿಪತ್ರದಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾದವರ ಬಗ್ಗೆ ಪುಟಗಟ್ಟಲೆ ಬರೆಯಲಾಗುತ್ತದೆ. ಆ ಸಂಗೀತದ ಲೆಕ್ಕವನ್ನೆಲ್ಲ ಹೊತ್ತವರ ಹೆಸರು ಕೂಡ ಓದುಗರಿಗೆ ಸಿಗುವುದಿಲ್ಲ.

‘ಶಕ್ತಿ’ಯ ಮೊದಲ ಧ್ವನಿಮುದ್ರಿಕೆ ಸ್ಟುಡಿಯೋದಲ್ಲಿ ಆದದ್ದಲ್ಲ, 1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್‌ನ ಕಾಲೇಜೊಂದರಲ್ಲಿ ನಡೆದ ಕಛೇರಿಯ ಮುದ್ರಣ ಅದು. ಅದರಲ್ಲಿ ನುಡಿಸಿದ ಐವರಲ್ಲಿ ಮೂವರು ಕರ್ನಾಟಕ ಸಂಗೀತದವರು: ಪಿಟೀಲಿನಲ್ಲಿ ಎಲ್. ಶಂಕರ್, ಮೃದಂಗದಲ್ಲಿ ರಾಮನಾಡ್ ರಾಘವನ್, ಮಣ್ಣಿನ ಮಡಕೆಯ ವಾದ್ಯವಾದ ಘಟದಲ್ಲಿ ಟಿ.ಎಚ್. ವಿಕ್ಕು ವಿನಾಯಕರಾಮ್. ಮೆಕ್‌ಲಾಫ್ಲಿನ್ ಆ ಹೊತ್ತಿಗಾಗಲೇ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತಿದ್ದರು. ಶಂಕರ್ ಸಂಶೋಧನೆ ಮಾಡಿದ್ದು ಅಲ್ಲಿಯೇ, ರಾಘವನ್ ಮೃದಂಗ ಕಲಿಸುತ್ತಿದ್ದದ್ದೂ ಅಲ್ಲಿಯೇ. ಆದ್ದರಿಂದ ಗಿಟಾರ್ ಮತ್ತು ತಬಲಾ ಅಕಸ್ಮಾತ್ತಾಗಿ ಸಂಧಿಸಿ ಈ ತಂಡ ಹುಟ್ಟಿತು ಎಂಬ ಕಥೆ ಅರ್ಧ ಮಾತ್ರ ಸರಿ. ಅದರ ಬೇರಿನ ಬಹುಭಾಗ ದಕ್ಷಿಣಾದಿ ಪಾಠದಲ್ಲಿದೆ, ಅದೂ ಸಾಗರದಾಚೆ ನಡೆದ ಪಾಠದಲ್ಲಿ.

ಮೆಕ್‌ಲಾಫ್ಲಿನ್ ಈ ಪಾಠವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂಬುದಕ್ಕೆ ಅವರ ವಾದ್ಯವೇ ಸಾಕ್ಷಿ. ಅದಕ್ಕೂ ಮುನ್ನ ‘ಮಹಾವಿಷ್ಣು ಆರ್ಕೆಸ್ಟ್ರಾ’ದಲ್ಲಿ ವಿದ್ಯುತ್ ಗಿಟಾರನ್ನು ಕಿವಿ ಗಡಚಿಕ್ಕುವಂತೆ ನುಡಿಸುತ್ತಿದ್ದವರು ‘ಶಕ್ತಿ’ಗಾಗಿ ಬೇರೆಯದೇ ಅಕೌಸ್ಟಿಕ್ ಗಿಟಾರೊಂದನ್ನು ಮಾಡಿಸಿಕೊಂಡರು. ಅದರಲ್ಲಿ ಮುಖ್ಯ ತಂತಿಗಳಲ್ಲದೆ, ಅವುಗಳ ಕೆಳಗೆ ಓರೆಯಾಗಿ ಹಾದುಹೋಗುವ ಏಳು ಶ್ರುತಿತಂತಿಗಳಿದ್ದವು. ಮೆಟ್ಟಿಲುಗಳ (ಫ್ರೆಟ್‌ಗಳ) ನಡುವಿನ ಮರವನ್ನು ತೋಡಿ ತಗ್ಗು ಮಾಡಲಾಗಿತ್ತು. ಮರ ಸಮತಟ್ಟಾಗಿದ್ದರೆ ಬೆರಳು ಮರಕ್ಕೆ ತಾಗಿ ಅಲ್ಲಿಗೇ ನಿಂತುಬಿಡುತ್ತದೆ, ಸ್ವರವೂ ನಿಂತಲ್ಲೇ ನಿಲ್ಲುತ್ತದೆ. ತಗ್ಗು ಮಾಡಿದಾಗ ತಂತಿಯನ್ನು ಒತ್ತಿ, ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ವೀಣೆಯಲ್ಲಿ ಜಾರುವಂತೆ ಜಾರಬಹುದು, ಸ್ವರವನ್ನು ಬಳುಕಿಸುವ ಗಮಕಕ್ಕೆ ಎಡೆಯಾಗುತ್ತದೆ. ಬೆಸುಗೆ ಎಂದರೆ ಇಂಥದ್ದು. ರಾಗದ ಅಂಚುಗಳನ್ನು ಗಿಟಾರಿಗೆ ಹೊಂದುವಂತೆ ಕತ್ತರಿಸಲಿಲ್ಲ, ಗಿಟಾರನ್ನೇ ರಾಗಕ್ಕೆ ತಕ್ಕಂತೆ ಕೊರೆದರು. ಆ ತಂಡದ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪಾಶ್ಚಾತ್ಯರ ಸ್ವರಮೇಳ (ಹಾರ್ಮನಿ) ಅಷ್ಟಾಗಿ ಮೇಲುಗೈ ಪಡೆಯದಿರುವುದಕ್ಕೂ ಕಾರಣ ಇದೇ ಎಂದು ನನ್ನ ಅನಿಸಿಕೆ. ಆಧಾರ ಷಡ್ಜ ಕದಲದೆ ನಿಂತ ಮೇಲೆ ಗಳಿಗೆಗೊಮ್ಮೆ ಕಾರ್ಡ್ (ಸ್ವರಗುಚ್ಛ) ಬದಲಿಸಿ ಆಧಾರವನ್ನೇ ಅಲುಗಾಡಿಸುವ ಅಗತ್ಯ ಅವರಿಗೆ ಕಾಣಲಿಲ್ಲ.

ಎಲ್. ಶಂಕರ್ ಅವರದು ಪಿಟೀಲಿನ ಮನೆತನ. ತಂದೆ ವಿ. ಲಕ್ಷ್ಮೀನಾರಾಯಣ ಅವರೇ ಗುರುಗಳು, ಎಲ್. ವೈದ್ಯನಾಥನ್ ಮತ್ತು ಎಲ್. ಸುಬ್ರಮಣ್ಯಂ ಅಣ್ಣಂದಿರು. ಗಿಟಾರ್ ಮತ್ತು ಪಿಟೀಲು ಅತಿದ್ರುತದಲ್ಲಿ ಒಂದೇ ಸಂಚಾರವನ್ನು ಒಟ್ಟಿಗೆ ನುಡಿಸುವ ಜಾಗಗಳಲ್ಲಿ ಕೇಳುಗರ ಕಿವಿ ಸಹಜವಾಗಿ ಗಿಟಾರಿನ ಕಡೆಗೆ ವಾಲುತ್ತದೆ. ಆದರೆ ಆ ಸಂಚಾರಕ್ಕೆ ರಾಗದ ಮುಖ ಬರುವುದು ಬಿಲ್ಲಿನಿಂದ. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ ಎಂಬುದು ನಮಗೆ ಈಗ ನೆನಪಿಗೂ ಬರುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ನಮ್ಮದಾಗುತ್ತ ಬಂದು, ನಮ್ಮ ಮೈಸೂರು ಟಿ. ಚೌಡಯ್ಯನವರ ಕೈಯಲ್ಲಿ ಏಳು ತಂತಿಗಳನ್ನೂ ಪಡೆಯಿತು. ಫ್ಯೂಷನ್ ಎಂದರೆ ಹೊಸ ಹುಡುಗರ ಹುಚ್ಚು ಎಂದು ಮೂಗು ಮುರಿಯುವ ಹಿರಿಯ ರಸಿಕರು ಈ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಒಳ್ಳೆಯದು.

ಇನ್ನು ಘಟದ ವಿಷಯ. ಈ ಪತ್ರ ಬರೆಯಲು ಹೊರಟದ್ದೇ ಮುಖ್ಯವಾಗಿ ಇದಕ್ಕಾಗಿ. ಮೃದಂಗದ ಬಾರನ್ನು ಬಿಗಿದು, ತಬಲಾದ ಗಟ್ಟಗಳನ್ನು ತಟ್ಟಿ ಶ್ರುತಿ ಹೊಂದಿಸಿಕೊಳ್ಳಬಹುದು. ಘಟಕ್ಕೆ ಆ ಅನುಕೂಲವಿಲ್ಲ. ಅದರ ಶ್ರುತಿ ಆವಿಗೆಯಲ್ಲಿ ಬೆಂದಾಗಲೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ, ಬೇರೆ ಶ್ರುತಿ ಬೇಕೆಂದರೆ ಬೇರೆ ಘಟವನ್ನೇ ಎತ್ತಿಕೊಳ್ಳಬೇಕು. ಕತ್ತು, ಹೊಟ್ಟೆ, ಬುಡ ಒಂದೊಂದೂ ಒಂದೊಂದು ನಾದ ಕೊಡುತ್ತವೆ. ಬಾಯನ್ನು ತಮ್ಮ ಹೊಟ್ಟೆಗೆ ಒತ್ತಿ ಸಡಿಲಿಸುತ್ತ ವಾದಕರು ಮಂದ್ರದ ಗುಂಕಾರ ಹೊರಡಿಸುತ್ತಾರೆ. ಕಛೇರಿಯಲ್ಲಿ ಮೃದಂಗದ ಬಳಿಕ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದ ಈ ಉಪಪಕ್ಕವಾದ್ಯವನ್ನು ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ತಬಲಾದ ಸಮಕ್ಕೆ ಕೂರಿಸಿದವರು ವಿನಾಯಕರಾಮ್. ರಾಘವನ್ ಅವರು ಮೊದಲ ಮುದ್ರಿಕೆಯ ನಂತರ ತಂಡದಲ್ಲಿ ಉಳಿಯಲಿಲ್ಲ. ಅಲ್ಲಿಂದ ಮುಂದೆ ತಂಡದ ದಕ್ಷಿಣಾದಿ ಲಯದ ಭಾರವೆಲ್ಲ ಬಿದ್ದದ್ದು ಈ ಮಡಕೆಯ ಮೇಲೆಯೇ. ಅಮೆರಿಕದ ಡ್ರಮ್ ವಾದಕ ಮಿಕ್ಕಿ ಹಾರ್ಟ್ ಅವರ ಮುಂದಾಳತ್ವದ ‘ಪ್ಲಾನೆಟ್ ಡ್ರಮ್’ನಲ್ಲಿಯೂ ವಿನಾಯಕರಾಮ್ ಜಾಕಿರ್ ಜೊತೆ ನುಡಿಸಿದರು, ಆ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. 2014ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. ತಂದೆ ಹರಿಹರ ಶರ್ಮ ಅವರು ಚೆನ್ನೈನಲ್ಲಿ ಕಟ್ಟಿದ ತಾಳವಾದ್ಯ ಶಾಲೆಯನ್ನು ಮುಂದುವರಿಸಿದ್ದು ಇದೆಲ್ಲಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ.

ಉತ್ತರದ ತಬಲಾ ಮತ್ತು ದಕ್ಷಿಣದ ಘಟ ಒಂದೇ ವೇದಿಕೆಯಲ್ಲಿ ಮಾತನಾಡುವುದು ಅಷ್ಟು ಸುಲಭವಲ್ಲ. ಜಾಕಿರ್ ಅವರದು ಪಂಜಾಬ್ ಘರಾಣೆ, ಅಲ್ಲಾರಖಾ ಅವರ ತಾಲೀಮು. ವಿನಾಯಕರಾಮ್ ಅವರ ಲೆಕ್ಕವೋ ಕೊನ್ನಕ್ಕೋಲಿನದು, ಎಂದರೆ ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕರ್ನಾಟಕ ಪದ್ಧತಿಯದು. ಇಬ್ಬರೂ ಬಾಯಲ್ಲಿ ಹೇಳಿ ನಂತರ ಕೈಯಲ್ಲಿ ನುಡಿಸುವ ಸಂಪ್ರದಾಯದವರಾದ್ದರಿಂದ ಬಾಯಿಮಾತೇ ಅವರ ನಡುವೆ ಸೇತುವಾಯಿತು. ಕಛೇರಿಯಲ್ಲಿ ತಾಳವಾದ್ಯದವರಿಗೇ ಮೀಸಲಾದ ನಮ್ಮ ತನಿ ಆವರ್ತನದಲ್ಲಿ ಇಬ್ಬರು ವಾದಕರು ಮೊದಲು ದೀರ್ಘವಾಗಿಯೂ, ಬಳಿಕ ಅದರ ಅರ್ಧ, ಆ ಅರ್ಧದ ಅರ್ಧ ಎಂದು ಕಿರಿದುಗೊಳಿಸುತ್ತಲೂ ಸರದಿಯ ಮೇಲೆ ನುಡಿಸಿ ಕೊನೆಗೆ ಒಟ್ಟಾಗಿ ತೀರ್ಮಾನಕ್ಕೆ ಬರುವ ಕ್ರಮವಿದೆಯಲ್ಲ, ‘ಶಕ್ತಿ’ಯ ಮುದ್ರಿಕೆಗಳನ್ನು ಕೇಳಿದವರಿಗೆ ಅದೇ ಕ್ರಮ ಗಿಟಾರ್ ಮತ್ತು ಪಿಟೀಲಿನ ನಡುವೆಯೂ ನಡೆಯುವುದು ಗೊತ್ತಾಗುತ್ತದೆ. ಪಾಶ್ಚಾತ್ಯ ವಿಮರ್ಶಕರಿಗೆ ಜಾಝ್‌ನ ಸ್ವಚ್ಛಂದವಾಗಿ ಕಂಡದ್ದರಲ್ಲಿ ಬಹಳಷ್ಟು ನಮ್ಮ ಕಛೇರಿಗಳ ಕಟ್ಟುನಿಟ್ಟಾದ ಲೆಕ್ಕವೇ ಆಗಿತ್ತು. ಮುಂದೆ ಮೆಕ್‌ಲಾಫ್ಲಿನ್ ಅವರು ವಿನಾಯಕರಾಮ್ ಅವರ ಮಗ, ಖಂಜಿರ (ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಚರ್ಮವಾದ್ಯ) ವಾದಕ ಸೆಲ್ವಗಣೇಶ್ ಜೊತೆಗೂಡಿ ಕೊನ್ನಕ್ಕೋಲನ್ನು ಕಲಿಸುವ ಡಿವಿಡಿಯನ್ನೇ ಹೊರತಂದರು.

ಮೊದಲ ‘ಶಕ್ತಿ’ 1970ರ ದಶಕದ ಕೊನೆಗೆ ನಿಂತುಹೋಯಿತು. 1997ರಲ್ಲಿ ‘ರಿಮೆಂಬರ್ ಶಕ್ತಿ’ ಎಂಬ ಹೆಸರಿನಲ್ಲಿ ಮತ್ತೆ ಶುರುವಾದಾಗ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಬಂತು, ಆಮೇಲೆ ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್, ಸೆಲ್ವಗಣೇಶ್ ಅವರ ಖಂಜಿರ, ಶಂಕರ್ ಮಹಾದೇವನ್ ಅವರ ಗಾಯನ ಸೇರಿದವು. ಶ್ರೀನಿವಾಸ್ 2014ರಲ್ಲಿ 45ರ ವಯಸ್ಸಿಗೇ ತೀರಿಕೊಂಡರು. ಅವರ ನಂತರ ಪಿಟೀಲಿನ ಗಣೇಶ್ ರಾಜಗೋಪಾಲನ್ ಸೇರಿದ ತಂಡದ ‘ದಿಸ್ ಮೊಮೆಂಟ್’ 2023ರಲ್ಲಿ ಹೊರಬಂದು, ಮರುವರ್ಷದ ಫೆಬ್ರುವರಿಯಲ್ಲಿ ಗ್ರ್ಯಾಮಿ ಪಡೆಯಿತು. ಅದೇ ವರ್ಷ ಡಿಸೆಂಬರ್ 15ರಂದು ಜಾಕಿರ್ ಕೂಡ ನಮ್ಮನ್ನು ಅಗಲಿದರು. ಪ್ರಶಸ್ತಿಯ ಸುದ್ದಿ ಬಂದಾಗ ನಾನು ಓದಿದ ವರದಿಗಳಲ್ಲಿ ಸಿನಿಮಾ ಹಾಡುಗಳಿಂದ ಪರಿಚಿತರಾದ ಶಂಕರ್ ಮಹಾದೇವನ್ ಮತ್ತು ಜಾಕಿರ್ ಅವರ ಹೆಸರುಗಳು ತಲೆಬರಹದಲ್ಲಿದ್ದವು. ಅದರಲ್ಲಿ ತಪ್ಪೇನಿಲ್ಲ. ಆದರೆ ಗಣೇಶ್ ಯಾರು, ಸೆಲ್ವಗಣೇಶ್ ಯಾರ ಮಗ, ಖಂಜಿರಕ್ಕೆ ನೀರು ಚಿಮುಕಿಸಿ ಅದರ ಮಂದ್ರವನ್ನು ಹೇಗೆ ಇಳಿಸುತ್ತಾರೆ ಎಂಬುದೆಲ್ಲ ಓದುಗರಿಗೆ ಬೇಡವೆಂದು ನಿರ್ಧರಿಸಿದವರು ಯಾರೋ ತಿಳಿಯದು.

ನಮ್ಮ ನಾಡಿನವರ ಬಗ್ಗೆಯಂತೂ ಈ ಮರೆವು ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ದಿವಂಗತ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಮಾಡಿತು. ಜರ್ಮನಿಯ ಹೆಸರಾಂತ ಇಸಿಎಂ ಸಂಸ್ಥೆ 1983ರಲ್ಲಿ ಅದನ್ನು ಹೊರತಂದಿತು. ಮರಿಯಾನೊ ಅದಕ್ಕೂ ಮುನ್ನ ನಾಗಸ್ವರ ಅಭ್ಯಾಸ ಮಾಡಿದ್ದವರು. ಅದರಲ್ಲಿ ಕೇಳುವ ಕಂಠ ವಿದುಷಿ ಆರ್.ಎ. ರಮಾಮಣಿ ಅವರದು, ಮೃದಂಗ ಮಣಿ ಅವರದು, ಘಟ, ಮೋರ್ಸಿಂಗ್ ಮತ್ತು ಕೊನ್ನಕ್ಕೋಲ್ ಆರ್.ಎ. ರಾಜಗೋಪಾಲ್ ಅವರದು, ಖಂಜಿರ ಟಿ.ಎನ್. ಶಶಿಕುಮಾರ್ ಅವರದು. ಯುರೋಪಿನ ಜಾಝ್ ಪ್ರಿಯರು ಇಂದಿಗೂ ಹುಡುಕಿ ಕೇಳುವ ಈ ಮುದ್ರಿಕೆಯ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಒಂದು ಸಮಗ್ರ ಲೇಖನವನ್ನು ನಾನಂತೂ ಓದಿಲ್ಲ. ಕದ್ರಿ ಗೋಪಾಲನಾಥ್ ಅವರ ವಿಷಯದಲ್ಲಿ ನಾವು ಅಷ್ಟು ಕೃಪಣರಾಗಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಅವರ ಸಾಧನೆ ಎಲ್ಲರಿಗೂ ಗೊತ್ತು. ಆದರೆ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ 2008ರಲ್ಲಿ ಅವರು ಮಾಡಿದ ‘ಕಿನ್ಸ್‌ಮೆನ್’ ಮುದ್ರಿಕೆಯ ಬಗ್ಗೆ ಅದೇ ಮೌನ.

ಫ್ಯೂಷನ್ ಹೆಸರಿನಲ್ಲಿ ನಡೆಯುವುದೆಲ್ಲ ಹೊಗಳಿಕೆಗೆ ಅರ್ಹವೆಂದು ನನ್ನ ವಾದವಲ್ಲ. ಯಂತ್ರದಿಂದ ಹೊಮ್ಮುವ ನಾಲ್ಕು ಪೆಟ್ಟಿನ ಲಯದ ಮೇಲೆ ಹಂಸಧ್ವನಿಯ ಪರಿಚಿತ ಕೀರ್ತನೆಯೊಂದನ್ನು ಹೇರಿ, ದೀಪಗಳನ್ನು ಮಿನುಗಿಸಿ ಕಳಿಸಿಕೊಡುವ ಕಾರ್ಯಕ್ರಮಗಳನ್ನು ನಾನೂ ಸಹಿಸಿಕೊಂಡು ಕುಳಿತಿದ್ದೇನೆ. ಅಲ್ಲಿ ಗಮಕಕ್ಕೆ ಬಿಡುವಿಲ್ಲ, ಪಾಶ್ಚಾತ್ಯ ಸಂಗೀತದ ಸ್ವರಮೇಳಕ್ಕೂ ನ್ಯಾಯವಿಲ್ಲ. ಇಂಥದ್ದನ್ನೂ ‘ಜ್ಯೋತಿ’ಯಂಥದ್ದನ್ನೂ ಬೇರ್ಪಡಿಸಿ ನೋಡಲು ಓದುಗನಿಗೆ ಮೊದಲು ತಿಳಿಯಬೇಕಾದದ್ದು ನುಡಿಸುವವರು ಯಾರು, ಯಾರಲ್ಲಿ ಎಷ್ಟು ಕಾಲ ಕಲಿತವರು ಎಂಬುದು. ಆ ಮಾಹಿತಿ ಕೊಡದೆ ‘ಪೂರ್ವ ಪಶ್ಚಿಮಗಳ ಅಪೂರ್ವ ಸಂಗಮ’ ಎಂದು ಬರೆದರೆ ಎರಡು ಬಗೆಯ ಸಂಗೀತವೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಕರ್ನಾಟಕ, ಹಿಂದೂಸ್ತಾನಿ ಕಛೇರಿಗಳ ವಿಮರ್ಶೆಯಲ್ಲಿ ಪಕ್ಕವಾದ್ಯದವರನ್ನು ಹೆಸರಿಸುವ ಒಳ್ಳೆಯ ರೂಢಿ ತಮ್ಮ ಪತ್ರಿಕೆಯಲ್ಲಿ ಮೊದಲಿನಿಂದಲೂ ಇದೆ. ಅದನ್ನು ಫ್ಯೂಷನ್ ಕಾರ್ಯಕ್ರಮಗಳ ವರದಿಗೂ ವಿಸ್ತರಿಸಬೇಕು, ಕೀಬೋರ್ಡ್, ಬೇಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸುವವರನ್ನೂ ಸೇರಿಸಿ. ಸಾಧ್ಯವಾದರೆ ಭಾನುವಾರದ ಪುರವಣಿಯಲ್ಲಿ ‘ಜ್ಯೋತಿ’ ತಂಡದ ಕಲಾವಿದರ ಬಗ್ಗೆ, ಅದರಲ್ಲೂ ರಮಾಮಣಿ ಅವರ ರಚನೆಗಳ ಬಗ್ಗೆ, ಲಯ ಬಲ್ಲ ಲೇಖಕರೊಬ್ಬರಿಂದ ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಬೆಂಗಳೂರು